ಕಪ್ಪಲ್ಲದ ನೀರು

ನೌರೀನ್ ಪ್ರತಿ ಭಾನುವಾರ ಭದ್ರಾವತಿಯ ಜನ್ನಾಪುರದಿಂದ ಶಿವಮೊಗ್ಗದ ಬಸ್ಸು ಹತ್ತುತ್ತಿದ್ದಳು. ನವುಲೆಯಲ್ಲಿ ಚಂದ್ರಹಾಸ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಮ್ಮ ಮನೆಯಲ್ಲೇ ತೈಲವರ್ಣ ಕಲಿಸುತ್ತಿದ್ದರು. ಅವಳು ನರ್ಸರಿ ಶಾಲೆಯ ಟೀಚರ್. ಹಿಂದಿನ ವರ್ಷ ತಮ್ಮ ಮುಸ್ತಕೀಮ್ ನಾಲೆಯಲ್ಲಿ ಬೈಕ್ ತೊಳೆಯಲು ಇಳಿದವನು ಕಾಲು ಜಾರಿ ಮುಳುಗಿಹೋಗಿದ್ದ. ಅಂದಿನಿಂದ ಮನೆಯಲ್ಲಿ ಮಾತು ನಿಂತಿತ್ತು. ರಜೆಯ ದಿನ ಆ ಮೌನದಲ್ಲಿ ಕೂರಲಾಗದೆ ಅವಳು ತರಗತಿಗೆ ಸೇರಿದ್ದಳು. ಮೇಷ್ಟ್ರಿಗೆ ಇದೇನನ್ನೂ ಹೇಳಿರಲಿಲ್ಲ.

ಮೇಷ್ಟ್ರಿಗೆ ಇಂಪ್ರೆಷನಿಸ್ಟ್ ಶೈಲಿಯೆಂದರೆ ಪ್ರಾಣ. ಗೆರೆ ಎಳೆದು ಒಳಗೆ ಬಣ್ಣ ತುಂಬುವ ಹಾಗಿಲ್ಲ. ಬೆಳಕು ಕಂಡ ಹಾಗೆ ಚುಕ್ಕೆ ಚೂರುಗಳಾಗಿ ಬಣ್ಣ ಇಡುತ್ತ ಹೋಗಬೇಕು. ಹತ್ತಿರದಿಂದ ಬರೀ ಮೆತ್ತಿದಂತಿರುವುದು ದೂರ ನಿಂತರೆ ಗದ್ದೆಯಾಗಬೇಕು.

"ನಿಮ್ಮೂರ ಕಡೆ ಒಂದು ಜಾಗ ಆರಿಸ್ಕೊ. ಅಲ್ಲೇ ನಿಂತು ಹಚ್ಕೊಂಡು ಬಾ" ಎಂದರು ಒಮ್ಮೆ.

ನೌರೀನ್ ತಂದ ಚಿತ್ರದಲ್ಲಿ ಭತ್ತದ ಗದ್ದೆ ಚೆನ್ನಾಗಿ ಬಂದಿತ್ತು. ಪಕ್ಕದ ನಾಲೆ ಮಾತ್ರ ಟಾರು ಹೊಯ್ದಂತೆ ಕಪ್ಪಗಿತ್ತು.

"ನೀರು ಎಲ್ಲಾದ್ರೂ ಹೀಗಿರತ್ತಾ ಮಾರಾಯ್ತಿ? ಮನಸ್ಸಲ್ಲಿರೋದನ್ನ ಹಚ್ಬೇಡ. ಕಣ್ಣಿಗೆ ಕಂಡಿದ್ದನ್ನ ಹಚ್ಚು."

"ನನಗೆ ಹಾಗೇ ಕಾಣೋದು ಸರ್. ನನ್ನ ತಮ್ಮ ಹೋಗಿದ್ದು ಆ ನೀರಲ್ಲೇ."

ಮೇಷ್ಟ್ರು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟರು. "ಗೊತ್ತಿರ್ಲಿಲ್ಲಮ್ಮ. ಇದು ಬೇಡ, ಬೇರೆ ಜಾಗ ಮಾಡು."

ಅವಳು ಕ್ಯಾನ್ವಾಸ್ ಎತ್ತಿಕೊಂಡು ಹೊರಟಳು.

ಮುಂದಿನ ಭಾನುವಾರ ಶಿವಮೊಗ್ಗಕ್ಕೆ ಹೋಗಲಿಲ್ಲ. ನಾಲೆಯ ಏರಿಯ ಮೇಲೆ ಕುಳಿತು, ಇನ್ನೂ ಒಣಗದ ಕಪ್ಪನ್ನು ಚೂರಿಯಿಂದ ಕೆರೆದು ತೆಗೆದಳು. ಆಮೇಲೆ ನೀರನ್ನು ನೋಡಿದಳು. ಅದರಲ್ಲಿ ಆಕಾಶದ ತಿಳಿನೀಲಿಯಿತ್ತು, ಆಚೆ ದಡದ ತೆಂಗಿನ ಹಸಿರು ಕಲಕಿತ್ತು, ಬಿಸಿಲು ಬಿದ್ದಲ್ಲಿ ಬೆಣ್ಣೆಯ ಬಣ್ಣ. ಆ ನೀರಿಗೊಂದು ಕೊಲೆಗಾರನ ಮುಖವಿರಲಿ ಎಂದೇ ಅವಳು ಬಯಸಿದ್ದಳು, ಇರಲಿಲ್ಲ. ಸಿಟ್ಟು ಬಂತು. ಅಳುತ್ತಲೇ, ಕಂಡ ಬಣ್ಣಗಳನ್ನೆಲ್ಲ ಒಂದೊಂದಾಗಿ ಇಟ್ಟಳು.

ಸಂಜೆ ತಂದೆ ವಜೀರ್ ಗ್ಯಾರೇಜಿನಿಂದ ಬಂದರು. ಗೋಡೆಗೆ ಒರಗಿಸಿದ್ದ ಚಿತ್ರದ ಮುಂದೆ ನಿಂತುಬಿಟ್ಟರು.

"ಇದು ಆ ನಾಲೆ ಅಲ್ವಾ?"

"ಹೌದು ಅಬ್ಬಾ."

"ನನ್ನ ಮಗನ್ನ ತಿಂದಿದ್ದು ಇದು. ಇದಕ್ಕೆ ಇಷ್ಟು ಚಂದ ಬಣ್ಣ ಹಾಕೋಕೆ ನಿನಗೆ ಮನಸ್ಸು ಹೇಗೆ ಬಂತು?"

"ಮೊದಲು ಕಪ್ಪೇ ಹಾಕಿದ್ದೆ. ಹೋಗಿ ನೋಡಿದ್ರೆ ಹೀಗೇ ಇತ್ತು."

ವಜೀರ್ ಅಂಗೈಯಿಂದ ಹಸಿ ಬಣ್ಣವನ್ನು ಒಮ್ಮೆ ಒರೆಸಿಬಿಟ್ಟರು. ಅರ್ಧ ನಾಲೆ ಕೆಸರಾಯಿತು. ಮತ್ತೆ ಎತ್ತಿದ ಕೈಯನ್ನು ಒಳಗಿನಿಂದ ಬಂದ ತಾಯಿ ನೂರ್‌ಜಹಾನ್ ಹಿಡಿದರು.

"ಬಿಡಿ. ಅವನು ಕೊನೇಲಿ ಕತ್ತಲೆ ನೋಡ್ಕೊಂಡೇ ಹೋದ ಅಂತ ನಾನು ದಿನಾ ಸಾಯ್ತಿದ್ದೆ. ಅಲ್ಲಿ ಬೆಳಕಿತ್ತಂತಲ್ಲ. ಅಷ್ಟಾದ್ರೂ ನನಗಿರ್ಲಿ."

ವಜೀರ್ ಹೊಸ್ತಿಲ ಮೇಲೆ ಕುಸಿದರು. ಅಂದು ಅವರು ಊಟ ಮಾಡಲಿಲ್ಲ. ಮಗಳೊಂದಿಗೆ ಇದ್ದ ಅಷ್ಟಿಷ್ಟು ಮಾತನ್ನೂ ಬಿಟ್ಟರು.

ಮರುವಾರ ತಾಯಿಯೂ ನೌರೀನ್ ಜೊತೆ ನಾಲೆಗೆ ಹೊರಟರು. ಮಗ ಹೋದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಮಗಳು ಕೆಸರನ್ನು ಕೆರೆದು ಹೊಸದಾಗಿ ಬಣ್ಣ ಇಡುವಷ್ಟು ಹೊತ್ತೂ ಅವರು ನೀರನ್ನೇ ನೋಡುತ್ತ, ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದರು.

ಚಿತ್ರ ಒಣಗಿದಾಗ ನೂರ್‌ಜಹಾನ್ ಅದನ್ನು ತಾವೂ ಗಂಡನೂ ಮಲಗುವ ಕೋಣೆಯಲ್ಲಿ ತೂಗುಹಾಕಿಕೊಂಡರು. ಅಂದಿನಿಂದ ವಜೀರ್ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗತೊಡಗಿದರು.