ಹನ್ನೊಂದೂವರೆ ಇಂಚು

ನಮ್ಮ ಅಪ್ಪಾಜಿ ವಾಮದೇವಪ್ಪನವರಿಗೆ ದಾವಣಗೆರೆಯಲ್ಲಿ ಶಾಲಾ ಸಮವಸ್ತ್ರದ ಅಂಗಡಿ ಇದೆ. ಮೂವತ್ತು ವರ್ಷಗಳಿಂದ ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: "ಒಂದು ಸೈಜು ದೊಡ್ಡದೇ ತಗೊಳ್ರಿ, ಮಕ್ಕಳು ಬೆಳಿತಾವೆ." ಊರಿನ ಅರ್ಧ ಮಕ್ಕಳು ಜೂನ್‌ನಲ್ಲಿ ಅಂಗಿಯೊಳಗೆ ಕಳೆದುಹೋಗಿ ಮಾರ್ಚ್ ಹೊತ್ತಿಗೆ ಹೊರಗೆ ಬರುತ್ತಾರೆ. ನಾನಂತೂ ಬರಲೇ ಇಲ್ಲ. ಬೂಟಿನ ತುದಿಗೆ ಹತ್ತಿ, ಲಂಗಕ್ಕೆ ಪಿನ್ನು, ಸ್ವೆಟರಿನ ತೋಳು ಎರಡು ಮಡಿಕೆ. ನನಗೀಗ ಹತ್ತೊಂಬತ್ತು. ಬೆಳೆದು ಮುಗಿದು ಮೂರು ವರ್ಷವಾಯಿತು. ಆ ಸುದ್ದಿ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಇನ್ನೂ ತಲುಪಿಲ್ಲ.

ನಾನು ಬೇಸ್‌ಬಾಲ್ ಆಡುತ್ತೇನೆ. ಶಾರ್ಟ್‌ಸ್ಟಾಪ್. ಅಂದರೆ ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಂತು, ನೆಲ ಸವರಿಕೊಂಡು ಬರುವ ಚೆಂಡನ್ನು ಹಿಡಿದು, ಹೊಡೆದವಳು ಮೊದಲ ಬೇಸು ಮುಟ್ಟುವ ಮುನ್ನ ಅಲ್ಲಿಗೆ ಎಸೆಯುವವಳು. ಚೆಂಡನ್ನು ಹಿಡಿಯುವುದಕ್ಕಿಂತ ಅದನ್ನು ಗ್ಲೌಸಿನಿಂದ ತೆಗೆಯುವುದೇ ದೊಡ್ಡ ಕೆಲಸ. ಅದಕ್ಕೇ ನಮ್ಮ ಗ್ಲೌಸು ಚಿಕ್ಕದಿರಬೇಕು, ಒಳಗಿನ ಗುಳಿ ಆಳವಿರಬಾರದು. ದೂರದ ಔಟ್‌ಫೀಲ್ಡಿನವರ ಕತೆ ಬೇರೆ. ಮೇಲಿಂದ ಬೀಳುವ ಚೆಂಡಿಗೆ ಉದ್ದನೆಯ ಗ್ಲೌಸು, ಆಳದ ಗುಳಿ ಬೇಕು. ಎರಡು ವರ್ಷ ಕಾಲೇಜಿನ ಹರಕು ಗ್ಲೌಸಿನಲ್ಲೇ ಆಡಿದೆ. ವಿಶ್ವವಿದ್ಯಾಲಯ ತಂಡದ ಆಯ್ಕೆ ಹತ್ತಿರ ಬಂದಾಗ ಅದನ್ನು ಹಿಂದಿರುಗಿಸಿ, ನನ್ನದೇ ಒಂದು ಬೇಕೆಂದು ಅಪ್ಪಾಜಿಯನ್ನು ಕೇಳಿದೆ. ಚೀಟಿಯಲ್ಲಿ ಬರೆದೇ ಕೊಟ್ಟೆ: ಹನ್ನೊಂದೂವರೆ ಇಂಚು.

ಆಯ್ಕೆಯ ಹಿಂದಿನ ದಿನ ಡಬ್ಬ ಬಂತು. ತೆರೆದರೆ ಹದಿಮೂರು ಇಂಚು.

"ಅದೇ ರೇಟಿಗೆ ಒಂದೂವರೆ ಇಂಚು ಜಾಸ್ತಿ!" ಅಪ್ಪಾಜಿ ಹಿಗ್ಗಿದರು. "ನಾನೇ ಹೇಳಿ ತರಿಸ್ದೆ. ದೊಡ್ಡದಿದ್ರೆ ಚೆಂಡು ತಪ್ಪಲ್ಲ. ನಾಳೆ ಕೈ ಬೆಳೆದ್ರೂ ಆಗ್ತೈತೆ."

"ನನ್ ಕೈ ಇನ್ನ ಬೆಳೆಯಲ್ಲ ಅಪ್ಪಾಜಿ! ಚೀಟಿ ಯಾಕ ಬರ್ದುಕೊಟ್ಟಿದ್ದೆ ನಾನು?"

"ಹಾಕ್ಕೊಂಡು ನೋಡವ್ವ ಮೊದ್ಲು."

ಹಾಕಿಕೊಂಡೆ. ಕೈಗೆ ಮೊರ ಕಟ್ಟಿಕೊಂಡಂತಾಯಿತು. ಸಿಟ್ಟಿಗೆ ಅಳುವೇ ಬಂತು. ಅದನ್ನು ಅವರು ನೋಡಬಾರದೆಂದು ಮಹಡಿ ಹತ್ತಿ ಹೋದೆ.

ಮರುದಿನ ಅಪ್ಪಾಜಿ ಅಂಗಡಿ ಬಾಗಿಲು ಹಾಕಿ, ಸ್ಕೂಟರಿನಲ್ಲಿ ನನ್ನನ್ನು ಹರಿಹರದ ಮೈದಾನಕ್ಕೆ ಕರೆತಂದರು. ತಾವು ಬೇವಿನ ಮರದ ನೆರಳಿಗೆ ನಿಂತರು. ಟೇಪು ಆಗಲೂ ಕೊರಳಲ್ಲೇ ಇತ್ತು. ಆಯ್ಕೆ ಮಾಡುವವರು ಉಜ್ಜನಪ್ಪ ಸರ್. ಅವರು ಹೊಡೆದ ಮೊದಲ ಚೆಂಡು ನನ್ನ ಗ್ಲೌಸಿನೊಳಕ್ಕೆ ಹೋಯಿತು, ಹೋದದ್ದು ಬರಲಿಲ್ಲ. ನಾನು ತಡಕಾಡಿ ತೆಗೆಯುವಷ್ಟರಲ್ಲಿ ಸರ್ ಬದಲು ಓಡಿದ ಹುಡುಗಿ ಬೇಸು ಮುಟ್ಟಿ ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಎರಡನೆಯದೂ ಹಾಗೇ ಆಯಿತು. ಮೂರನೆಯದೂ.

"ರೂಪಶ್ರೀ, ಅದು ಔಟ್‌ಫೀಲ್ಡ್ ಗ್ಲೌಸು," ಎಂದರು ಸರ್. "ನೀನೂ ಅಲ್ಲಿಗೇ ಹೋಗು. ಕಾಲು ಚುರುಕೈತೆ, ತಂಡದಾಗೆ ಜಾಗ ಸಿಗ್ತೈತೆ."

ಮರದ ಕೆಳಗಿಂದ ಅಪ್ಪಾಜಿ ಕೂಗಿದರು: "ಹೋಗವ್ವ! ಯಾವ ಜಾಗ ಆದ್ರೇನು?"

ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಿ ದೊಡ್ಡದಾದರೆ ನಾನು ಬೆಳೆಯಬೇಕು. ಗ್ಲೌಸು ದೊಡ್ಡದಾದರೆ ನಾನು ದೂರ ಹೋಗಬೇಕು. ಯಾವತ್ತಾದರೂ ಒಂದು ವಸ್ತು ನನ್ನ ಅಳತೆಗೆ ಬರಬಾರದೇ? ನಿಂತ ಜಾಗದಿಂದ ನಾನು ಕದಲಲಿಲ್ಲ.

"ಹೋಗಲ್ಲ ಸರ್. ಇನ್ನೈದು ಚೆಂಡು ಹೊಡೀರಿ. ಒಂದು ಬಿಟ್ರೂ ಸೀದಾ ಮನೆಗೆ ಹೋಗ್ತೀನಿ, ಔಟ್‌ಫೀಲ್ಡಿಗೆ ಮಾತ್ರ ಹೋಗಲ್ಲ."

"ಕೈಗೆ ಬಂದ ಜಾಗ ಕಳ್ಕೊಂತೀಯ."

"ಕಳ್ಕೊಂತೀನಿ."

ಗೆರೆಯಾಚೆ ಹರಿಹರದ ಮಾಸೂಮಾ ಔಟ್‌ಫೀಲ್ಡಿನ ಸರದಿಗೆ ಕಾಯುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಹೈಸ್ಕೂಲಿನ ಕಾಲದ ಪುಟ್ಟ ಗ್ಲೌಸು. ಹರಿದ ಕಡೆ ಬೂಟಿನ ಲೇಸು ಕಟ್ಟಿದ್ದಳು.

"ಮಾಸೂಮಾ, ನಿನ್ ಗ್ಲೌಸ್ ಕೊಡೆ. ನಂದು ನೀನಿಟ್ಕೊ."

"ಇವತ್ತಿಗಾ?"

"ಯಾವತ್ತಿಗೂ."

ನನ್ನ ಮಾತು ಮುಗಿಯುವ ಮೊದಲೇ ಅವಳ ಗ್ಲೌಸು ಹಾರಿಬಂತು. "ಲೇ, ಹೊಸದು ಅದು!" ಎಂದು ಅಪ್ಪಾಜಿ ಕೂಗಿದ್ದು ಇಡೀ ಮೈದಾನಕ್ಕೆ ಕೇಳಿತು. ನಾನು ತಿರುಗಿ ನೋಡಲಿಲ್ಲ.

ಮಾಸೂಮಾಳ ಗ್ಲೌಸು ನನ್ನ ಕೈಯನ್ನು ಗುರುತು ಹಿಡಿಯಿತು. ನಾಲ್ಕು ಚೆಂಡು ಬಂದದ್ದೇ ತಡ, ಮೊದಲ ಬೇಸಿಗೆ ಹೊರಟುಹೋದವು. ಐದನೆಯದು ಕಲ್ಲಿಗೆ ತಾಗಿ ಮೇಲೆದ್ದು ಎಲ್ಲ ಬಿಟ್ಟು ನನ್ನ ಭುಜದ ಎಲುಬಿಗೆ ಬಡಿಯಿತು. ಕಣ್ಣು ಕತ್ತಲೆ ಬಂತು. ಚೆಂಡು ಕಾಲ ಬಳಿ ಬಿದ್ದಿತ್ತು. ಬರಿಗೈಯಲ್ಲಿ ಎತ್ತಿ ಎಸೆದೆ. ಮೊದಲ ಬೇಸಿನಲ್ಲಿ ಧೂಳೆದ್ದಿತು.

ಉಜ್ಜನಪ್ಪ ಸರ್ ಧೂಳು ಇಳಿಯುವವರೆಗೂ ನೋಡಿದರು. "ಔಟ್," ಎಂದರು. ಆಮೇಲೆ ತಲೆ ಎತ್ತದೆ ಬರೆದುಕೊಂಡರು: "ಶಾರ್ಟ್‌ಸ್ಟಾಪ್, ರೂಪಶ್ರೀ." ನನ್ನ ಹದಿಮೂರು ಇಂಚಿನಲ್ಲಿ ಮಾಸೂಮಾ ಅವತ್ತು ಒಂದು ಚೆಂಡನ್ನೂ ನೆಲಕ್ಕೆ ಬಿಡಲಿಲ್ಲ.

 

ಮುಂದಿನ ವಾರ ತಂಡದ ಜರ್ಸಿ ಹೊಲಿಯುವ ಕೆಲಸ ನಮ್ಮ ಅಂಗಡಿಗೇ ಬಂತು. ಹುಡುಗಿಯರೆಲ್ಲ ಸಾಲಾಗಿ ನಿಂತರು. ಮೊದಲು ನಾನು. ಅಪ್ಪಾಜಿ ಭುಜದಿಂದ ಭುಜಕ್ಕೆ ಟೇಪು ಹಿಡಿದರು. ನೀಲಿಗಟ್ಟಿದ ಜಾಗದ ಹತ್ತಿರ ಅವರ ಬೆರಳು ನಿಂತಿತು.

"ನೋವೈತಾ?"

"ಐತೆ."

"ಹದಿನಾಲ್ಕು," ಎಂದು ಪೆನ್ಸಿಲನ್ನು ಹಾಳೆಯ ಮೇಲೆ ಇಟ್ಟು ತಡೆದರು. ಆ ತಡೆ ನನಗೆ ಗೊತ್ತು. ಹದಿನೈದು ಹುಟ್ಟುವುದೇ ಅಲ್ಲಿ.

"ಅಪ್ಪಾಜಿ, ಎಷ್ಟೈತೋ ಅಷ್ಟೇ ಬರೀರಿ."

ನನ್ನ ಮುಖ ನೋಡಿದರು. ಹದಿನಾಲ್ಕು ಬರೆದರು. ಅದರ ಕೆಳಗೆ ಗೆರೆಯನ್ನೂ ಎಳೆದರು. ಹಿಂದೆ ನಿಂತಿದ್ದ ಮಾಸೂಮಾ ಮುಂದೆ ಬಂದಳು. ಅಪ್ಪಾಜಿ ಟೇಪು ಬಿಚ್ಚಿದವರು ಹಾಗೇ ನಿಂತು, ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಯಾರನ್ನೂ ಕೇಳದ ಮಾತನ್ನು ಅವಳಿಗೆ ಕೇಳಿದರು:

"ನೀನಿನ್ನೂ ಬೆಳಿತೀಯೇನವ್ವಾ?"