ಗೋಡೆಗೇರಿದ ಹತ್ತರಿಗಳು

ಅಪ್ಪ ಹೆಮ್ಮೆಯಿಂದ ಕಾರ್ಖಾನೆ ಎಂದು ಕರೆಯುತ್ತಿದ್ದ ಆ ಒಂದೂವರೆ ಕೋಣೆಯಲ್ಲಿ ಕೆಲಸದ ಮೇಜುಗಳು ಎರಡಿದ್ದವು. ಒಂದರ ಮೇಲೆ ಅಪ್ಪ ಬಡಗಿ ಕೆಲಸ ಮಾಡುತ್ತಿದ್ದ. ಇನ್ನೊಂದರ ಮೇಲೆ ಅವನ ಹತ್ತರಿಗಳು ಸಂಸಾರ ಹೂಡಿದ್ದವು. ಮರ ಕೀಸಿ ನುಣುಪು ಮಾಡುವ ಹತ್ತರಿ ಬಡಗಿಗೆ ಎರಡೋ ಮೂರೋ ಇದ್ದರೆ ಸಾಕು. ಅಪ್ಪನಿಗೆ ಮಾತ್ರ ಎಲ್ಲಿ ಹಳೆಯದೊಂದು ಕಂಡರೂ ಅನಾಥ ಮಗು ಕಂಡಂತೆ ಕರುಳು ಚುರ್ರೆನ್ನುತ್ತಿತ್ತು. ಮೊಳದುದ್ದದ್ದು, ಗೇಣುದ್ದದ್ದು, ಅಂಗೈಯೊಳಗೆ ಅಡಗುವಂಥದ್ದು, ಹೊಟ್ಟೆ ಬಾಗಿದ್ದು, ಎಲ್ಲಕ್ಕೂ ಆ ಮೇಜೇ ಆಶ್ರಯ.

ಮಗಳಿಗೆ ಬೇಕಾಗಿದ್ದುದೂ ಆ ಮೇಜೇ. ಬೇರೆಯವರ ಅಂಗಡಿಯಲ್ಲಿ ಕೆಲಸ ಕಲಿತಿದ್ದಳು, ಇನ್ನು ಅಪ್ಪನ ಜೊತೆ ದುಡಿಯುವ ಆಸೆ. ಅಪ್ಪ ಬೇಡವೆಂದು ಬಾಯಿಬಿಟ್ಟು ಹೇಳುವವನಲ್ಲ. ಜಾಗ ಎಲ್ಲಿದೆಯಮ್ಮ ಎನ್ನುತ್ತಿದ್ದ. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಸೋದರತ್ತೆ ಇದನ್ನು ಕೇಳಿ ಕೇಳಿ ಬೇಸತ್ತು, ಒಂದು ಬೆಳಗ್ಗೆ ಕತ್ತರಿ ಹಿಡಿದೇ ಬಂದು ತೀರ್ಪು ಕೊಟ್ಟಳು: ಸಂಜೆಗೆ ಮೇಜಿನ ಮೇಲೆ ಒಂದೂ ಹತ್ತರಿ ಇಲ್ಲದಿದ್ದರೆ ಮೇಜು ಹುಡುಗಿಯದು, ಒಂದೇ ಒಂದು ಉಳಿದರೂ ಅವಳು ಹಳೇ ಅಂಗಡಿಗೆ ವಾಪಸ್. ಮಾರುವಂತಿಲ್ಲ, ಮಂಚದಡಿ ತುರುಕುವಂತಿಲ್ಲ ಎಂದು ಅಪ್ಪ ಸೇರಿಸಿ, ತನ್ನಂಥ ಉದಾರಿ ಇಲ್ಲವೆಂಬ ಮುಖ ಹೊತ್ತು ಪೇಟೆಗೆ ಹೊರಟ.

ಮಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಷ್ಟೋ ದಿನದಿಂದ ಗೋಡೆಯ ಆ ಖಾಲಿ ಭಾಗವನ್ನು ಕಣ್ಣಲ್ಲೇ ಅಳೆದಿಟ್ಟಿದ್ದಳು. ಕೈಗೆ ಒಗ್ಗುವ ನಡುಗಾತ್ರದ ಹತ್ತರಿಯೊಂದನ್ನು ಎತ್ತಿಕೊಂಡು ಹಲಗೆಗಳನ್ನು ಕೀಸಿದಳು. ಮಿಕ್ಕವನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, ಒಂದೊಂದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಆ ಗೆರೆಗಳ ಅಳತೆಗೆ ಗೂಡು ಕಟ್ಟಿದಳು: ಹಿಂದೆ ಓರೆಯಾದ ಹಲಗೆ, ಕೆಳಗೆ ಜಾರದಂತೆ ಅಂಚು, ನಡುವೆ ತೆಳು ಪಟ್ಟಿಗಳ ಗೋಡೆ, ಅಲಗು ಮರಕ್ಕೆ ತಾಗದಂತೆ ಪ್ರತಿಯೊಂದರ ಮೂತಿಯಡಿ ಚಿಕ್ಕ ದಿಂಬು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೂದಲೆಳೆಯಷ್ಟೂ ಜಾಗ ದಂಡವಾಗಲಿಲ್ಲ. ಗೂಡನ್ನು ಗೋಡೆಗೆ ಬಿಗಿದು ಕೊನೆಯ ಹತ್ತರಿ ಕೂರಿಸಿದಾಗ, ಚೂಡಿದಾರ ಅರ್ಧಕ್ಕೇ ಬಿಟ್ಟು ಬಂದ ಅತ್ತೆ, ಶಾಲೆಯ ಗುಂಪು ಫೋಟೋ ಇದ್ದ ಹಾಗಿದೆ ಕಣೇ ಎಂದಳು.

ಅಪ್ಪ ಬಂದ. ಗೋಡೆ ನೋಡಿದ, ಮೇಜು ನೋಡಿದ, ಅಲ್ಲಾಡಿಸಿ ನೋಡಿದ. ಆಮೇಲೆ ಮಗಳ ಕಡೆ ತಿರುಗಿದ.

"ಇವನ್ಯಾರಮ್ಮ?"

ಅವಳು ತನ್ನ ಬಲಗೈ ನೋಡಿಕೊಂಡಳು. ಬೆಳಗಿನಿಂದ ಪಟ್ಟಿ ಪಟ್ಟಿಯನ್ನೂ ಕೀಸಿದ ಹತ್ತರಿ ಅಲ್ಲೇ ಇತ್ತು. ಕೈಯಲ್ಲೇ ಇದ್ದದ್ದಕ್ಕೆ ಅದು ನೆಲದ ಸಾಲಿಗೆ ಸೇರಲಿಲ್ಲ, ಗೆರೆಯೂ ಬೀಳಲಿಲ್ಲ. ಗೂಡಿನಲ್ಲೋ ಸೂಜಿಗೂ ಎಡೆಯಿಲ್ಲ.

"ಕೈಲಿರೋದು ಮೇಜಿನ ಮೇಲಿಲ್ಲವಲ್ಲ," ಎಂದಳು ಅತ್ತೆ, ತೀರ್ಪುಗಾರರ ಗತ್ತಿನಲ್ಲಿ.

"ಎಷ್ಟು ಹೊತ್ತು ಅಂತ ಹಿಡ್ಕೋತಾಳೆ ಅಕ್ಕಾ?" ಅಪ್ಪ ಸ್ಟೂಲು ಎಳೆದು ಆರಾಮಾಗಿ ಕೂತ.

ಮಗಳು ಹಿಡಿತ ಬಿಡಲಿಲ್ಲ. ಮೂಲೆಯಲ್ಲಿ ಗಿರಾಕಿಯ ಬಾಗಿಲಿಗೆಂದು ಒರಗಿಸಿದ್ದ ಹಲಗೆಯೊಂದನ್ನು ಎಡಗೈಯಲ್ಲಿ ಎಳೆದು ಮೇಜಿಗೆ ಬಿಗಿದಳು. ಹತ್ತರಿ ಹಲಗೆಯ ಮೇಲೆ ಓಡತೊಡಗಿತು. ಅದು ಹಲಗೆಯ ಮೇಲಿದೆ, ಮೇಜಿನ ಮೇಲಲ್ಲ ಎಂದು ಅತ್ತೆ ಯಾರೂ ಕೇಳದೆಯೇ ಸ್ಪಷ್ಟಪಡಿಸಿದಳು. ಚಹಾ ಬಂತು, ಎಡಗೈಯಲ್ಲೇ ಕುಡಿದಳು. ಅಪ್ಪ ಸೂರು ನೋಡುತ್ತ ಕೂತಿದ್ದವನು, ಅಲಗಿನ ಸದ್ದು ಸರ್ ಸರ್ ಎಂದು ಸಣ್ಣಗಾಗುತ್ತ ಬಂದ ಹಾಗೆ ಕಿವಿ ನೆಟ್ಟ. ಹಲಗೆಯ ನಡುವೆ ಒರಟು ಗಂಟೊಂದಿತ್ತು. ಅವಳು ಹತ್ತರಿಯನ್ನು ಓರೆ ಮಾಡಿ ಅದರ ಮೇಲೆ ಹಗುರವಾಗಿ ಸವರಿಕೊಂಡು ಹೋದಾಗ, ಅವನು ತನಗೇ ತಿಳಿಯದೆ ಎದ್ದು ನಿಂತಿದ್ದ.

ಹಲಗೆ ಮುಗಿಯಿತು. ಇನ್ನು ಕೀಸಿದರೆ ಕಾಗದವೇ. ಹತ್ತರಿ ಎತ್ತಿ ಹಿಡಿದು ನಿಂತಳು. ಅಪ್ಪ ಹಲಗೆಯ ಮೇಲೆ ಅಂಗೈ ಆಡಿಸಿ, ಗಂಟಿನ ಹತ್ತಿರ ಮತ್ತೊಮ್ಮೆ ಆಡಿಸಿ, ಮೂಲೆಗೆ ಹೋದ. ಇನ್ನೊಂದು ಹಲಗೆ ತಂದು ತಾನೇ ಅವಳ ಮೇಜಿಗೆ ಬಿಗಿದ.

"ಅದರ ಜೋಡಿ ಇದು. ಎರಡೂ ಒಂದೇ ದಪ್ಪ ಬರಬೇಕು. ನಾಳೆ ಇಬ್ಬರೂ ಸೇರಿ ಬಾಗಿಲು ಕೂಡಿಸೋಣ."

ತೀರ್ಪು ಮುಗಿಯಿತೆಂಬಂತೆ ಅತ್ತೆ ಅರ್ಧಕ್ಕೆ ಬಿಟ್ಟ ಚೂಡಿದಾರಕ್ಕೆ ಮರಳಿದಳು.

"ಅಪ್ಪಾ, ಕೈ ಸೋಲ್ತಿದೆ. ಇಡಲಾ?"

"ಇಡು," ಎಂದ ಅಪ್ಪ, ಮೇಜಿನ ಮೇಲಿನ ಹೊಟ್ಟು ಒರೆಸುತ್ತ. "ಮಗ್ಗುಲಾಗಿ ಇಡು. ಇಲ್ದಿದ್ರೆ ಅಲಗು ಕೆಡುತ್ತೆ."