ಗಂಜಿಗೆ ಮೊದಲು, ಗಂಜಿಯ ಮೇಲೆ

ಹಬ್ಬುವಾಡದ ಆ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟು ಒಂದು ಮಳೆಗಾಲ ಕಳೆದಿತ್ತು. ಹಾಗಂತ ಮನೆಯಲ್ಲಿ ಮಾತೇ ಇರಲಿಲ್ಲವೆಂದಲ್ಲ. ಇದ್ದ ಮಾತೆಲ್ಲ ಸಿಂಚನಾಳ ಬಾಯಿಂದಲೇ ಹೋಗಿ ಬರಬೇಕಿತ್ತು. ಅವಳಿಗಿನ್ನೂ ಮೂರು ತುಂಬಿರಲಿಲ್ಲ.

“ಸಿಂಚೂ, ನಿನ್ನ ಆಯಿಗೆ ಹೇಳು, ಸಾರಿಗೆ ಉಪ್ಪು ಬಿದ್ದಿಲ್ಲ ಹೇಳಿ. ಸಮುದ್ರ ಇಲ್ಲೇ ಬಗಲಲ್ಲಿದೆ, ಉಪ್ಪಿಗೇನು ಬರಗಾಲ ಇಲ್ಲ,” ಎಂದು ಅತ್ತೆ ದಮಯಂತಿ ಉಣ್ಣುತ್ತ ಕೂತಲ್ಲಿಂದಲೇ ಹೇಳುವಳು.

ಮಗು ಅಡುಗೆಮನೆಯ ಹೊಸಿಲವರೆಗೆ ಓಡುವುದು. “ಆಯೀ, ಉಪ್ಪು.” ಸಮುದ್ರ ದಾರಿಯಲ್ಲೇ ಬಿದ್ದುಹೋಗಿರುತ್ತಿತ್ತು.

“ಅಜ್ಜಿಗೆ ಹೇಳು, ಉಪ್ಪಿನ ಭರಣಿ ಅವರ ಕೈಗೆ ಸಿಗೂ ಹಾಗೇ ಇಟ್ಟಿದ್ದೆ ಹೇಳಿ.”

“ಅಜ್ಜೀ, ಭರಣಿ.”

ಸೊಸೆ ಹೀರಾಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು. ಆದರೆ ನಗುವುದಕ್ಕೂ ಜೊತೆಗೊಬ್ಬರು ಬೇಕು. ಗಂಡ ಸತೀಶ ಗೋವಾದಲ್ಲಿ ಅದಿರು ಸಾಗಿಸುವ ಬಾರ್ಜ್ ದೋಣಿಯ ಮೇಲೆ ಕೆಲಸಕ್ಕಿದ್ದ. ರಜೆ ಸಿಕ್ಕಾಗ ಬರುವನು, ಬಂದವನು ನಿದ್ದೆ ಮಾಡುವನು. ಅಕ್ಕಪಕ್ಕದ ಮನೆಗಳಲ್ಲಿ ಕೊಂಕಣಿ. ಅಂಕೋಲೆಯ ಬೊಬ್ರುವಾಡದಲ್ಲಿ ಹುಟ್ಟಿ ಬೆಳೆದ ಹೀರಾಳಿಗೆ ಅದು ತಿಳಿಯುತ್ತಿತ್ತು, ಆದರೆ ಉತ್ತರ ಕೊಡುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು. ಹಾಗಾಗಿ ಬಾವಿಕಟ್ಟೆಯಲ್ಲೂ ಅವಳು ಕೊಡ ತುಂಬಿಸಿಕೊಂಡು ಸುಮ್ಮನೆ ಬರುವವಳು.

ಮಾತು ಬಿಟ್ಟದ್ದು ಕೂದಲಿನ ದೆಸೆಯಿಂದ. ಮಗುವಿನ ಹುಟ್ಟುಗೂದಲು ದೇವರಿಗೆ ಹರಕೆಯಾಗಿತ್ತು, ಮೂರು ತುಂಬಿದ ಮೇಲೆ ಕೊಡಬೇಕೆಂದು. ಬೇಸಿಗೆಯಲ್ಲಿ ಸಿಂಚನಾಳ ನೆತ್ತಿಯ ತುಂಬ ಕುರು ಎದ್ದು, ಮಗು ಇಡೀ ದಿನ ಕೆರೆದುಕೊಂಡು ಅತ್ತಾಗ, ಹೀರಾ ಯಾರನ್ನೂ ಕೇಳದೆ ಕತ್ತರಿ ಹಿಡಿದಳು. ಪೇಟೆಯಿಂದ ಬಂದ ದಮಯಂತಿ ಅಂಗಳದಲ್ಲಿ ಬಿದ್ದ ಕೂದಲನ್ನು ಒಂದೊಂದೇ ಹೆಕ್ಕಿ, ಬಟ್ಟೆಯಲ್ಲಿ ಕಟ್ಟಿ, ದೇವರ ಗೂಡಿನಲ್ಲಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಅಂದಿನಿಂದ ಹೀರಾ ಇದ್ದ ಕೋಣೆಯಲ್ಲಿ ದಮಯಂತಿ ಇಲ್ಲ; ದಮಯಂತಿ ಬಂದರೆ ಹೀರಾ ಎದ್ದು ಹೋಗಬೇಕು.

ದೀಪಾವಳಿ ಕಳೆದ ಮೇಲೆ ಮಗುವಿಗೆ ಜ್ವರ ಬಂತು. ಇಬ್ಬರೂ ದವಾಖಾನೆಗೆ ಹೋದರು, ಬೆಂಚಿನ ಎರಡು ತುದಿಯಲ್ಲಿ ಕೂತರು. ಡಾಕ್ಟರು ಗುಲಾಬಿ ಬಣ್ಣದ ಔಷಧಿಯ ಬಾಟಲಿ ಕೊಟ್ಟು, ಮುಚ್ಚಳದ ಗೆರೆಯನ್ನು ಉಗುರಿನಿಂದ ತೋರಿಸಿದರು.

“ಈ ಗೆರೆವರೆಗೆ ಮಾತ್ರ. ಒಮ್ಮೆ ಕೊಟ್ಟ ಮೇಲೆ ಆರು ತಾಸು ಮುಟ್ಟೂದಿಲ್ಲ. ಜ್ವರ ಇಲ್ಲದಿದ್ರೆ ಕೊಡೂದೇ ಬೇಡ. ಮತ್ತೆ ಮನೆಯಲ್ಲಿ ಯಾರಾದ್ರೂ ಒಬ್ರೇ ಇದನ್ನ ನೋಡ್ಕೊಳ್ಳಿ, ತಿಳೀತಾ?”

ಇಬ್ಬರೂ ತಲೆಯಾಡಿಸಿದರು. ಆ ಒಬ್ಬಳು ತಾನೇ ಎಂದು ಇಬ್ಬರಿಗೂ ಅನಿಸಿತ್ತು.

ಬಾಟಲಿ ಕಿಟಕಿಯ ಗೂಡಿನಲ್ಲಿ ನಿಂತಿತು. ಬೊಬ್ರುವಾಡದ ತವರಲ್ಲಿ ಖಾಲಿ ಹೊಟ್ಟೆಗೆ ಔಷಧಿ ಕೊಡುವ ರೂಢಿ ಇರಲಿಲ್ಲ. ಹೀರಾ ಬಾವಿಯಿಂದ ನೀರು ತಂದು, ಗಂಜಿ ಮಾಡಿ, ಮಗುವಿಗೆ ಉಣ್ಣಿಸಿ, ಬಾಯಿ ಒರೆಸಿ, ಆಮೇಲೆ ಮುಚ್ಚಳದಲ್ಲಿ ಅಳೆದು ಕುಡಿಸುತ್ತಿದ್ದಳು. ಉಣ್ಣಿಸಿ ಕುಡಿಸುವಷ್ಟು ಹೊತ್ತೂ ದಮಯಂತಿ ಜಗಲಿಯಲ್ಲಿ ಬೆನ್ನು ಹಾಕಿ ಕೂತಿರುತ್ತಿದ್ದಳು. ಯಾವತ್ತಿನ ಹಾಗೇ.

ಎರಡನೆಯ ದಿನಕ್ಕೆ ಜ್ವರ ಸ್ವಲ್ಪ ಇಳಿಯಿತು, ಆದರೆ ಮಗು ಏಳಲಿಲ್ಲ. ಬೆಳಗಿನ ಗಂಜಿ ಕಕ್ಕಿತು. ಎತ್ತಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಸಿಂಚನಾ ಮಲಗಿದ್ದರಿಂದ ಮನೆಯಲ್ಲಿ ಒಂದೇ ಒಂದು ಮಾತು ಇರಲಿಲ್ಲ. ಹೆದ್ದಾರಿಯ ಲಾರಿಗಳ ಸದ್ದು ಅಡುಗೆಮನೆಯವರೆಗೂ ಬರುತ್ತದೆಂದು ಹೀರಾಳಿಗೆ ಆವತ್ತು ಗೊತ್ತಾಯಿತು.

ಮಧ್ಯಾಹ್ನದ ಔಷಧಿಗೆಂದು ಬಾಟಲಿ ಎತ್ತಿದರೆ ಹಗುರವಿತ್ತು. ಬೆಳಕಿಗೆ ಹಿಡಿದು ನೋಡಿದಳು. ಇಷ್ಟು ಬೇಗ ಇಷ್ಟು ಕೆಳಗೆ? ಸೋರಿರಬೇಕೆಂದು ಗೂಡಿನಲ್ಲಿ ಕೈಯಾಡಿಸಿದಳು. ಒಣಗಿತ್ತು, ಅಂಟು ಇರಲಿಲ್ಲ. ಆಗ ಅವಳ ಕಣ್ಣು ದೇವರ ಗೂಡಿನತ್ತ ಹೋಗುತ್ತಿದ್ದ ಇರುವೆಯ ಸಾಲಿನ ಮೇಲೆ ಬಿತ್ತು.

ಕೂದಲಿನ ಗಂಟಿನ ಪಕ್ಕ ಒಳಲೆ ಬೋರಲು ಬಿದ್ದಿತ್ತು. ಕೂಸಿಗೆ ಹಾಲು, ಕಷಾಯ ಹಾಕುವ ಆ ಪುಟ್ಟ ಹಿತ್ತಾಳೆಯ ಪಾತ್ರೆ ಸತೀಶನ ಕಾಲದ್ದು. ಅದರ ಕೊಕ್ಕಿನ ತುದಿಯಲ್ಲಿ ಇರುವೆ ಮುತ್ತಿತ್ತು. ಹೀರಾ ಊದಿ ಮೂಸಿದಳು. ಶುಂಠಿಯದ್ದಲ್ಲ, ಬಜೆಯದ್ದೂ ಅಲ್ಲ. ಬಾಟಲಿಯದೇ ಸಿಹಿ ವಾಸನೆ.

ಎಷ್ಟು ಸಲ? ಯಾವಾಗಿನಿಂದ? ಕೇಳದೆ ತಿಳಿಯುವ ಹಾಗಿರಲಿಲ್ಲ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದಳು. ದಮಯಂತಿ ಬೆನ್ನು ಹಾಕಿ ಅಬ್ಬಲಿಗೆ ಹೂ ಕಟ್ಟುತ್ತಿದ್ದಳು.

“ಸಿಂಚೂ,” ಎಂದಳು ಹೀರಾ, ರೂಢಿಯಂತೆ. “ಅಜ್ಜಿ ಹತ್ರ ಕೇಳು…”

ಮಗು ತಲೆ ಎತ್ತಲಿಲ್ಲ. ದಮಯಂತಿಯ ಬೆರಳು ನಿಂತಿತು. ಅವಳೂ ಕಾಯುತ್ತಿದ್ದಳು, ಆ ಮಾತು ಮಗುವಿನ ಬಾಯಿಂದ ಬರಲಿ ಎಂದು. ಬರಲಿಲ್ಲ. ಹೀರಾಳ ಕುತ್ತಿಗೆಗೆ ಮಗುವಿನ ಉಸಿರು ಬಿಸಿಯಾಗಿ ತಾಗುತ್ತಿತ್ತು.

“ಅತ್ತೇ. ನೀವು ಇವಳಿಗೆ ಔಷಧಿ ಕೊಟ್ರಾ?”

ದಮಯಂತಿ ಒಮ್ಮೆಲೇ ತಿರುಗಿದಳು. ಅಷ್ಟು ದಿನದ ಮೇಲೆ ಮುಖ ನೋಡಿದ್ದು.

“ಕೊಡದೆ? ನೀ ಬಾವಿಗೆ ಹೋದವಳು ಅಲ್ಲೇ ಕೂತಿರ್ತಿ. ತುಳಸಿಗೆ ದೀಪ ಹಚ್ಚಿ ಕೊಟ್ಟೆ. ಔಷಧಿ ಅಂದ್ಮೇಲೆ ಖಾಲಿ ಹೊಟ್ಟೆಗೇ ಹೋಗ್ಬೇಕು.”

“ನಾನೂ ಕೊಟ್ಟೆ.”

“ಯಾವಾಗ?”

“ಗಂಜಿ ಆದ್ಮೇಲೆ.”

“ನಾ ಗಂಜಿಗೆ ಮೊದಲು.” ದಮಯಂತಿಯ ದನಿ ಸಣ್ಣದಾಯಿತು. “ನಿನ್ನೆನೂ?”

“ನಿನ್ನೆನೂ. ಸಂಜೆಗೂ.”

ಹೂವಿನ ದಂಡೆ ಮಡಿಲಿಂದ ಜಾರಿ ಕೆಳಗೆ ಬಿತ್ತು. ಅದನ್ನು ದಾಟಿಕೊಂಡೇ ದಮಯಂತಿ ಬೀದಿಗೆ ಓಡಿದಳು. ಹಿಂದಿನ ಓಣಿಯ ತಿಮ್ಮು ಆಗಷ್ಟೇ ಉಂಡು ರಿಕ್ಷಾ ಒರೆಸುತ್ತಿದ್ದ. ಅತ್ತೆ ಸೊಸೆ ಒಟ್ಟಿಗೇ ಹತ್ತಿದ್ದು ನೋಡಿ ಅವನಿಗೆ ಸುಮ್ಮನಿರಲಾಗಲಿಲ್ಲ.

“ಏನ್ರೀ ದಮಯಂತಕ್ಕಾ, ಇಬ್ರೂ ಒಂದೇ ಸೀಟಲ್ಲಿ! ನನ್ನ ಗಾಡಿ ತಡೀತದಾ?”

“ಮೊದಲು ಗಾಡಿ ಬಿಡು ಮಾರಾಯಾ, ಬಾಯಿ ಆಮೇಲೆ ಬಿಡು.”

ಮಗುವಿನ ಮುಖ ನೋಡಿದವನು ಗಾಡಿ ಓಡಿಸಿದ.

ಡಾಕ್ಟರು ಬಾಟಲಿ ನೋಡಿದರು, ಮಗುವಿನ ಹೊಟ್ಟೆ ಒತ್ತಿದರು, ತೂಕ ಹಾಕಿಸಿದರು. “ಯಾರು ಕೊಟ್ಟದ್ದು?”

“ನಾನು,” ಎಂದರು ಇಬ್ಬರೂ.

“ಒಬ್ರು ನೋಡ್ಕೊಳ್ಳಿ ಹೇಳಿದ್ದೆ.”

ಡಾಕ್ಟರು ಬಾಟಲಿಯನ್ನು ಮೇಜಿನ ಮೇಲಿಟ್ಟರು.

“ಅಳತೆ ಸರಿ ಇದ್ರೂ ಎರಡು ಸಲ ಹೋದ್ರೆ ಅದು ಅಳತೆ ಅಲ್ಲ. ಜ್ವರದ ಔಷಧಿ ಹೆಚ್ಚಾದ್ರೆ ಲಿವರಿಗೆ ಪೆಟ್ಟು ಬೀಳ್ತದೆ, ಹೊರಗೆ ಬೇಗ ತಿಳಿಯೂದಿಲ್ಲ. ರಕ್ತ ನೋಡ್ಬೇಕು. ರಿಪೋರ್ಟ್ ಬರೂವರೆಗೆ ಇಲ್ಲೇ ಇರಿ.”

ಮೊನ್ನೆಯದೇ ಬೆಂಚು. ಈ ಸಲ ತುದಿಗೆ ಹೋಗಿ ಕೂರುವಷ್ಟು ಜಾಗವಿರಲಿಲ್ಲ, ಜನ ತುಂಬಿದ್ದರು. ಮಗುವಿನ ತಲೆ ಹೀರಾಳ ತೊಡೆಯ ಮೇಲೆ, ಕಾಲು ದಮಯಂತಿಯ ಮಡಿಲಿಗೆ. ಈಗ ಕೂದಲಿನ ಮಾತು ತೆಗೆಯುತ್ತಾಳೆ, ಹರಕೆ ಮುರಿದದ್ದಕ್ಕೇ ಹೀಗಾಯ್ತು ಅನ್ನುತ್ತಾಳೆ ಎಂದು ಹೀರಾ ಕಾದಳು. ಅಂದರೆ ಅನ್ನಲಿ, ಮಗು ಎದ್ದು ಕೂತರೆ ಸಾಕು. ದಮಯಂತಿ ಮಗುವಿನ ಪಾದವನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಗೋಡೆ ನೋಡುತ್ತಿದ್ದಳು. ಒಮ್ಮೆ ಮಾತ್ರ ಬಗ್ಗಿ, ಆ ಮೊಟಕು ಕೂದಲಿನ ತಲೆಗೆ ಸೆರಗಿನ ತುದಿ ಹೊದಿಸಿದಳು. ಫ್ಯಾನಿನ ಗಾಳಿಗೆ ಅದು ಹಾರಿತು. ಹೀರಾ ಮತ್ತೆ ಹೊದಿಸಿದಳು.

ಹೊರಗೆ ಪೇಟೆಯ ದೀಪ ಹತ್ತುವ ಹೊತ್ತಿಗೆ ಡಾಕ್ಟರು ಕರೆದರು. ರಕ್ತದಲ್ಲಿ ತೊಂದರೆ ಕಾಣಲಿಲ್ಲ. “ಇನ್ನೆರಡು ದಿನ ಹೀಗೇ ನಡೆದಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗಿತ್ತು,” ಎಂದರು. ಆವತ್ತಿಗೆ ಜ್ವರದ ಔಷಧಿ ಬೇಡ, ನೀರು ಗಂಜಿ ಕೊಡುತ್ತಿರಿ, ನಾಳೆ ಮತ್ತೆ ತಂದು ತೋರಿಸಿ ಎಂದರು. ಮಗು ಎದ್ದು ಕೂತು ನೀರು ಕೇಳಿತು. ಹೀರಾಳಿಗೆ ಅಳು ಬಂದದ್ದು ಆಗ.

ಮರುದಿನ ಮತ್ತೆ ಸಣ್ಣಗೆ ಜ್ವರ ಕಂಡಿತು, ಡಾಕ್ಟರು ಬೇರೆ ಬಾಟಲಿ ಕೊಟ್ಟರು. ಅದನ್ನು ದಮಯಂತಿ ಮುಟ್ಟಲಿಲ್ಲ. ಒಳಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಪಾತ್ರೆಗಳ ಹಿಂದೆ ಇಟ್ಟಳು. ಗಂಜಿಯ ಬಟ್ಟಲು ತೊಳೆಯಲು ಹೀರಾ ಅಂಗಳಕ್ಕೆ ಬಂದಾಗ, ಜಗಲಿಯಿಂದ ತಿರುಗದೆಯೇ ಕೇಳುತ್ತಿದ್ದಳು.

“ಕೊಟ್ಯಾ?”

“ಕೊಟ್ಟೆ.”

ಅಷ್ಟೇ. ಅದರ ಮುಂದೆ ಒಂದಕ್ಷರವಿಲ್ಲ. ಆದರೂ ಬೆಳಗಾದರೆ ಹೀರಾ ಆ ಒಂದು ಮಾತಿಗೆ ಕಾಯತೊಡಗಿದಳು. ಬಾವಿಯಿಂದ ಬೇಗ ಬರುವಳು. ಗಂಜಿ ಬೇಗ ಇಳಿಸುವಳು.

ಜ್ವರ ಬಿಟ್ಟಿತು. ಡಾಕ್ಟರು ಔಷಧಿ ಸಾಕೆಂದರು. ಹೀರಾ ಬಾಟಲಿ ತೊಳೆದು ಕಿಟಕಿಯಾಚೆ ಇಟ್ಟಳು. ಕಿಟಕಿಯ ಗೂಡು ಖಾಲಿಯಾಯಿತು. ಸಿಂಚನಾ ಮತ್ತೆ ಹೊಸಿಲಿನಿಂದ ಜಗಲಿಗೆ, ಜಗಲಿಯಿಂದ ಹೊಸಿಲಿಗೆ ಓಡತೊಡಗಿದಳು.

“ನಿನ್ನ ಆಯಿಗೆ ಹೇಳು, ಮೀನಿನವಳು ಬಂದಿದ್ದಾಳೆ ಹೇಳಿ.”

“ಆಯೀ, ಮೀನು.”

ಎಲ್ಲ ಮೊದಲಿನಂತಾಯಿತು. ಮಗು ಗುಣವಾದದ್ದಕ್ಕೆ ದೇವರಿಗೆ ಕೈ ಮುಗಿದ ಹೀರಾಳಿಗೆ ಅದೇ ಕೈ ಸ್ವಲ್ಪ ಖಾಲಿ ಅನಿಸಿತು. ಹಾಗನಿಸಿದ್ದಕ್ಕೆ ಹೆದರಿ, ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು.

ಆ ಸಂಜೆ ದಮಯಂತಿ ತುಳಸಿಗೆ ದೀಪ ಹಚ್ಚಿ ಬತ್ತಿ ಸರಿಮಾಡುತ್ತಿದ್ದಳು. ಹೀರಾ ಗಂಜಿಯ ಬಟ್ಟಲು ಹಿಡಿದು ಬಂದಳು. ಹಿಂದೆಯೇ ಸಿಂಚನಾ.

“ಕೊಟ್ಯಾ?” ದಮಯಂತಿ ಕೇಳಿದಳು. ತಿರುಗಲಿಲ್ಲ.

ಸಿಂಚನಾ ಅಜ್ಜಿಯನ್ನು ನೋಡಿದಳು, ಆಯಿಯನ್ನು ನೋಡಿದಳು, ತಾನು ಹೊತ್ತುಕೊಂಡು ಹೋಗಬೇಕಾದ್ದು ಏನಾದರೂ ಇದೆಯೋ ಎಂದು ಬಾಯಿ ತೆರೆದು ನಿಂತಳು.

ಹೀರಾ ಬಟ್ಟಲನ್ನು ಕೆಳಗಿಟ್ಟಳು.

“ಕೊಟ್ಟೆ, ಅತ್ತೇ.”